ಕ್ರಿಸ್ತಜಯಂತಿಯೂ ಮನೆಯ ಸಂಪ್ರದಾಯವೂ

ಡಿಸೆಂಬರು ತಿಂಗಳು ಕಾಲಿಟ್ಟಿತೆಂದರೆ ಮಂಗಳೂರಿನ ಕಡೆಯ ಕ್ರೈಸ್ತರ ಮನೆಗಳ ಮುಂದೆ ನಕ್ಷತ್ರಾಕಾರದ ಗೂಡುದೀಪಗಳು ತೂಗಾಡತೊಡಗುವುವು. ಮೈಸೂರು, ಬೆಂಗಳೂರುಗಳ ಪೇಟೆಗಳಲ್ಲಿಯೂ ಅಂಗಡಿಗಳ ಬಾಗಿಲಿಗೆ ಹಸುರು ತೋರಣಗಳೂ ಬಣ್ಣದ ದೀಪಗಳೂ ಏರುವುವು. ಬೀದಿಯ ಈ ವೈಭವವನ್ನು ಕಂಡವರು ಕ್ರಿಸ್ಮಸ್ ಹಬ್ಬವೆಂದರೆ ಇಷ್ಟೇ ಎಂದು ಭಾವಿಸುವುದು ಸಹಜವೇ ಸರಿ. ಆದರೆ ಬೀದಿಯ ದೀಪವು ಜನವರಿ ಬಂದೊಡನೆ ಕೆಳಗಿಳಿಯುವುದು. ಮನೆಯೊಳಗೆ ಮಗುವಿನ ಕೈಗೆ ಬಂದ ಕೆಲಸವು ಅರುವತ್ತು ವರ್ಷವಾದರೂ ಉಳಿಯುವುದು. ಈ ತಿಂಗಳು ನಾವು ಆ ಒಳಗಿನ ಹಬ್ಬವನ್ನು ಕುರಿತು ನಾಲ್ಕು ಮಾತುಗಳನ್ನು ಬರೆಯಬೇಕೆಂದಿದ್ದೇವೆ. ಹಬ್ಬದ ಮತತತ್ತ್ವವನ್ನು ಹೇಳುವುದಕ್ಕೆ ಆ ಮತದ ವಿದ್ವಾಂಸರಿದ್ದಾರೆ. ನಮಗೆ ಆ ಅಧಿಕಾರವಿಲ್ಲ. ಒಂದು ಕುಟುಂಬವು ವರ್ಷವರ್ಷವೂ ಅದೇ ದಿನ ಅದೇ ಕೆಲಸವನ್ನು ಅದೇ ರೀತಿಯಲ್ಲಿ ಮಾಡುವುದರಿಂದ ಆಗುವ ಪ್ರಯೋಜನವೇನು, ಆ ಪದ್ಧತಿಯು ಕೆಡುವುದು ಹೇಗೆ, ಉಳಿಯುವುದು ಹೇಗೆ ಎಂಬಿಷ್ಟನ್ನು ಮಾತ್ರ ವಿಚಾರಿಸುವೆವು. ಯುಗಾದಿಯನ್ನಾಗಲಿ ರಂಜಾನನ್ನಾಗಲಿ ಆಚರಿಸುವ ಮನೆಗಳಿಗೂ ಈ ವಿಚಾರವು ಸಲ್ಲುವುದೆಂದು ನಮ್ಮ ನಂಬಿಕೆ.

ಮೊದಲು ಮಾತಿನ ಅರ್ಥವನ್ನು ನೋಡೋಣ. ‘ಸಂಪ್ರದಾಯ’ ಎಂಬ ಶಬ್ದವು ‘ದಾ’ ಎಂಬ ಧಾತುವಿನಿಂದ ಹುಟ್ಟಿದುದು. ‘ದಾ’ ಎಂದರೆ ಕೊಡುವುದು. ಅದರ ಹಿಂದೆ ‘ಸಂ’ ಎಂದೂ ‘ಪ್ರ’ ಎಂದೂ ಎರಡು ಉಪಸರ್ಗಗಳು ಸೇರಿ, ಚೆನ್ನಾಗಿ ಮುಂದಿನವರಿಗೆ ಒಪ್ಪಿಸಿಕೊಡುವುದು ಎಂಬ ಅರ್ಥವುಂಟಾಗಿದೆ. ವ್ಯಾಕರಣವನ್ನು ಓದಿದವರಿಗೆ ‘ಸಂಪ್ರದಾನ’ವೆಂಬ ಕಾರಕವು ನೆನಪಿರಬಹುದು, ಯಾರಿಗೆ ಕೊಡುವೆವೋ ಅವರೇ ಸಂಪ್ರದಾನ. ಇಂಗ್ಲಿಷಿನವರು ಸಂಪ್ರದಾಯಕ್ಕೆ ‘ಟ್ರೆಡಿಷನ್’ ಎನ್ನುವರಷ್ಟೆ. ಅದು ಲ್ಯಾಟಿನ್ ಭಾಷೆಯಿಂದ ಬಂದ ಮಾತು. ಅದರ ಒಡಲಲ್ಲಿಯೂ ಕೊಡುವುದೆಂಬ ಅರ್ಥದ ‘ದಾರೆ’ ಎಂಬ ಕ್ರಿಯೆಯೇ ಅಡಗಿದೆ. ನಮ್ಮ ‘ದಾ’ ಧಾತುವೂ ಅವರ ‘ದಾರೆ’ಯೂ ಒಂದೇ ಮೂಲದವೆಂದು ಭಾಷಾಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ಪೂರ್ವದವರೂ ಪಶ್ಚಿಮದವರೂ ಈ ವಿಷಯದಲ್ಲಿ ಒಂದೇ ಬಗೆಯಾಗಿ ಯೋಚಿಸಿದುದು ಸಾಮಾನ್ಯವಾದ ಸಂಗತಿಯಲ್ಲ.

ಇದರಿಂದ ತಿಳಿಯುವುದೇನು? ಸಂಪ್ರದಾಯವನ್ನು ‘ಕಾಪಾಡಬೇಕು’, ‘ಉಳಿಸಬೇಕು’ ಎಂದು ನಾವು ಪದೇಪದೇ ಹೇಳುತ್ತೇವೆ. ಅದೇನೋ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವ ಒಡವೆಯೋ ಎಂಬಂತೆ. ಶಬ್ದಾರ್ಥವು ಬೇರೆಯೇ ಆಗಿದೆ. ಕೊಟ್ಟರೆ ಮಾತ್ರ ಅದು ಸಂಪ್ರದಾಯ. ಕೊಡುವ ಕೈ, ತೆಗೆದುಕೊಳ್ಳುವ ಕೈ, ನಡುವೆ ಕೊಡಲ್ಪಡುವ ಒಂದು ಕೆಲಸ, ಈ ಮೂರೂ ಕೂಡಿದ ಕಡೆಯಲ್ಲಿ ಸಂಪ್ರದಾಯವುಂಟು. ಅಜ್ಜಿಯೊಬ್ಬಳೇ ಎಪ್ಪತ್ತು ವರ್ಷ ತಪ್ಪದೆ ಮಾಡಿಕೊಂಡು ಬಂದು, ಮೊಮ್ಮಕ್ಕಳು ಕುಳಿತು ನೋಡುತ್ತಲಿದ್ದ ಕಾರ್ಯವು ಅಜ್ಜಿಯೊಡನೆಯೇ ಹೊರಟುಹೋಗುವುದು.

ಈ ಮಾತಿಗೆ ಕ್ರಿಸ್ಮಸ್ ಹಬ್ಬದ ಚರಿತ್ರೆಯಲ್ಲಿಯೇ ಒಳ್ಳೆಯ ನಿದರ್ಶನವುಂಟು. ಇಂಗ್ಲೆಂಡಿನಲ್ಲಿ 1ನೆಯ ಚಾರಲ್ಸ್ ದೊರೆಗೂ ಪಾರ್ಲಿಮೆಂಟಿಗೂ ಯುದ್ಧವಾದ ಕಾಲದಲ್ಲಿ, ಪ್ಯೂರಿಟನ್ ಪಕ್ಷದವರು ಈ ಹಬ್ಬವು ಧರ್ಮಗ್ರಂಥದಲ್ಲಿ ವಿಧಿಸದ ಆಚಾರವೆಂದೂ, ಕುಡಿತ ಕುಣಿತಗಳಿಗೆ ಎಡೆಗೊಡುವುದೆಂದೂ ಆಕ್ಷೇಪಿಸಿದರು. 1647ರ ಜೂನ್ ತಿಂಗಳಲ್ಲಿ ಪಾರ್ಲಿಮೆಂಟು ಕ್ರಿಸ್ಮಸ್ ಮೊದಲಾದ ಹಬ್ಬಗಳನ್ನು ಶಾಸನ ಮಾಡಿ ರದ್ದುಪಡಿಸಿತು. ಆ ವರ್ಷದ ಡಿಸೆಂಬರು 25ರಂದು ಕ್ಯಾಂಟರ್ಬರಿ ಪಟ್ಟಣದಲ್ಲಿ ಅಂಗಡಿಗಳನ್ನು ತೆರೆದಿರಬೇಕೆಂದು ಅಪ್ಪಣೆಯಾದುದಕ್ಕೆ ಜನರು ದಂಗೆಯೆದ್ದರು. ಸಮುದ್ರದಾಚೆಯ ಮ್ಯಾಸಚೂಸೆಟ್ಸ್ ವಸಾಹತಿನಲ್ಲಿ 1659ರಲ್ಲಿ, ಆ ದಿನ ಕೆಲಸ ಬಿಟ್ಟು ಹಬ್ಬ ಮಾಡಿದವರಿಗೆ ಐದು ಷಿಲ್ಲಿಂಗು ಜುಲ್ಮಾನೆಯೆಂದು ಕಾನೂನಾಯಿತು. ಅದು ರದ್ದಾದುದು 1681ರಲ್ಲಿ. ಇಂಗ್ಲೆಂಡಿನಲ್ಲಿ 1660ರಲ್ಲಿ ದೊರೆತನವು ಮರಳಿದಾಗ ಹಬ್ಬವೂ ಬಹಿರಂಗವಾಗಿ ಮರಳಿತು. ಹದಿಮೂರು ವರ್ಷ ನಿಷಿದ್ಧವಾಗಿದ್ದುದು ಒಂದೇ ಚಳಿಗಾಲದಲ್ಲಿ ಮತ್ತೆ ತಲೆಯೆತ್ತಿತೆಂದರೆ, ಅದು ಅಷ್ಟು ಕಾಲವೂ ಎಲ್ಲಿಯೋ ಬದುಕಿದ್ದಿರಬೇಕಷ್ಟೆ. ಶಾಸನವು ದೇವಾಲಯದ ಬಾಗಿಲನ್ನು ಮುಚ್ಚಿಸಬಲ್ಲದು, ಅಂಗಡಿಯ ಬಾಗಿಲನ್ನು ತೆರೆಯಿಸಬಲ್ಲದು. ಒಲೆಯ ಮುಂದೆ ತಾಯಿಯು ಮಗಳಿಗೆ ಹೇಳಿಕೊಡುವುದನ್ನು ತಡೆಯಲು ಅದಕ್ಕೆ ಕೈ ಸಾಲದು.

ಪೋಲೆಂಡಿನ ಕಥೆಯು ಇದಕ್ಕಿಂತಲೂ ದೀರ್ಘವಾದುದು. ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಎಂಬ ಮೂರು ನೆರೆರಾಜ್ಯಗಳು ಆ ದೇಶವನ್ನು ಮೂರು ಸಲ ಹರಿದು ಹಂಚಿಕೊಂಡುವು. 1795ರಿಂದ 1918ರವರೆಗೆ, ಎಂದರೆ 123 ವರ್ಷಗಳ ಕಾಲ, ಪೋಲಿಷ್ ಜನರಿಗೆ ಸ್ವತಂತ್ರವಾದ ರಾಜ್ಯವೆಂಬುದಿರಲಿಲ್ಲ. ಆದರೆ ಮನೆಯೊಳಗೆ ಡಿಸೆಂಬರು 24ರ ಸಂಜೆಯ ‘ವಿಗೀಲಿಯ’ ಎಂಬ ಊಟವು ತಂದೆಯಿಂದ ಮಗನಿಗೆ ಬರುತ್ತಲೇ ಇದ್ದಿತು. ಆ ದಿನ ಆಕಾಶದಲ್ಲಿ ಮೊದಲ ನಕ್ಷತ್ರವು ಕಾಣುವವರೆಗೆ ಯಾರೂ ಊಟಕ್ಕೆ ಕೂಡುವಂತಿಲ್ಲ. ನಕ್ಷತ್ರವನ್ನು ಕಂಡು ಕೂಗಿ ಹೇಳುವ ಕೆಲಸವು ಮಕ್ಕಳದು. ಮೇಜಿನ ಬಿಳಿಯ ವಸ್ತ್ರದ ಕೆಳಗೆ, ಕ್ರಿಸ್ತನು ಹುಟ್ಟಿದ ಕೊಟ್ಟಿಗೆಯ ನೆನಪಿಗಾಗಿ, ಒಣಹುಲ್ಲನ್ನು ಹರಡುವರು. ಬಳಿಕ ‘ಒಪ್ವಾತೆಕ್’ ಎಂಬ ತೆಳ್ಳನೆಯ ಬಿಳಿಯ ರೊಟ್ಟಿಯನ್ನು ಕೈಗೆ ತೆಗೆದುಕೊಂಡು, ಪ್ರತಿಯೊಬ್ಬರೂ ಮತ್ತೊಬ್ಬರ ರೊಟ್ಟಿಯಿಂದ ಒಂದು ಚೂರನ್ನು ಮುರಿದು ತಿಂದು, ಶುಭವನ್ನು ಕೋರುವರು. ವರ್ಷದಲ್ಲಿ ಮನಸ್ತಾಪವಾಗಿದ್ದರೆ ಆಗಲೇ ಕ್ಷಮೆಯನ್ನು ಬೇಡುವರು. ಊಟದ ಮೇಜಿನಲ್ಲಿ ಒಂದು ತಟ್ಟೆಯೂ ಒಂದು ಪೀಠವೂ ಖಾಲಿಯಾಗಿರುವುವು. ಅದು ಅನಿರೀಕ್ಷಿತವಾಗಿ ಬರುವ ಅತಿಥಿಗೆಂದು ಹೇಳುವರು. ದೂರ ಹೋದವರನ್ನೂ ಸತ್ತವರನ್ನೂ ಆ ಸ್ಥಳದಲ್ಲಿ ನೆನೆಯುವವರೂ ಉಂಟು. ರಾಜ್ಯವು ಕಳೆದುಹೋದರೂ ನಾವು ಇಂಥವರೆಂಬ ಅರಿವು ಆ ಜನರಲ್ಲಿ ಅಳಿಯದಿರುವುದಕ್ಕೆ ಭಾಷೆ, ಮತಗಳೊಡನೆ ಇಂಥ ಮನೆಯ ಪದ್ಧತಿಗಳೂ ಆಧಾರವಾಗಿದ್ದುವು.

ಇಲ್ಲಿ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಮೊದಲ ನಕ್ಷತ್ರವನ್ನು ಹುಡುಕುವ ಕೆಲಸವನ್ನು ಹಿರಿಯರು ತಾವೇ ಮಾಡಬಹುದಾಗಿತ್ತು. ಗಡಿಯಾರವನ್ನು ನೋಡಿ ಊಟಕ್ಕೆ ಕೂಡಬಹುದಾಗಿತ್ತು. ಹಾಗೆ ಮಾಡದೆ, ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವರಾದವರ ಮಾತಿಗೆ ಮನೆಮಂದಿಯೆಲ್ಲ ಕಾಯುವಂತೆ ಮಾಡಿದ್ದಾರೆ. ವರ್ಷದ 364 ದಿನಗಳು ಹಿರಿಯರ ಅಪ್ಪಣೆಗೆ ಕಾಯುವ ಮಗುವಿಗೆ ಆ ಒಂದು ಸಂಜೆ ಅಧಿಕಾರವು ಬಂದಿತು. ಅಂಥ ಮಗು ಮುದುಕನಾಗಿ ಪರದೇಶದಲ್ಲಿದ್ದರೂ ಆ ಸಂಜೆಯ ಆಕಾಶವನ್ನು ಮರೆಯಲಾರದು.

ನಮ್ಮ ನಾಡಿನ ಉದಾಹರಣೆಯೂ ಇದಕ್ಕೆ ಕಡಮೆಯಿಲ್ಲ. ಮಂಗಳೂರಿನ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಹಬ್ಬಕ್ಕೆ ಮಾಡುವ ತಿಂಡಿಗಳಿಗೆಲ್ಲ ಒಟ್ಟಾಗಿ ‘ಕುಸ್ವಾರ್’ ಎಂದು ಹೆಸರು. ನಮ್ಮ ಕರ್ಜಿಕಾಯಿಯನ್ನು ಹೋಲುವ, ಎಳ್ಳು, ಕೊಬ್ಬರಿ, ಸಕ್ಕರೆ, ಏಲಕ್ಕಿಗಳ ಹೂರಣವುಳ್ಳ ‘ನೆವ್ರಿ’. ಹೂವಿನ ಆಕಾರದ ಕಬ್ಬಿಣದ ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಕಾದ ಎಣ್ಣೆಗಿಳಿಸಿ ತೆಗೆಯುವ ‘ಕೊಕ್ಕೀಸು’. ಅಕ್ಕಿಹಿಟ್ಟು, ತೆಂಗಿನಕಾಯಿಗಳ ಚಿಕ್ಕ ಗುಂಡುಗಳಾದ ‘ಗುಳಿಯೊ’. ಚಕ್ಕುಲಿ, ಲಾಡು, ಕೇಕುಗಳು ಇವೆಲ್ಲವೂ ಅದರಲ್ಲಿ ಸೇರಿವೆ. ಇವುಗಳಲ್ಲಿ ‘ಕಿಡ್ಯೊ’ ಎಂಬುದೊಂದುಂಟು. ಮಾತಿನ ಅರ್ಥ ಹುಳುಗಳು ಎಂದು. ಹಿಟ್ಟಿನ ಸಣ್ಣ ಉಂಡೆಯನ್ನು ಹೊಸ ಬಾಚಣಿಗೆಯ ಹಲ್ಲುಗಳ ಮೇಲೋ ಮುಳ್ಳುಚಮಚದ ಬೆನ್ನ ಮೇಲೋ ಒತ್ತಿ ಸುರುಳಿ ಸುತ್ತಿದರೆ ಗೆರೆಗೆರೆಯಾದ ಪುಟ್ಟ ಹುಳುವಿನ ಆಕಾರವು ಬರುವುದು. ಅದನ್ನು ಕರಿದು ಸಕ್ಕರೆಯ ಪಾಕವನ್ನು ಹಿಡಿಸುವರು. ಒಂದು ಮನೆಗೆ ಬೇಕಾದಷ್ಟು ಕಿಡ್ಯೊಗಳನ್ನು ಒಬ್ಬಳು ಹೆಂಗಸು ಒಬ್ಬಳೇ ಸುತ್ತಬೇಕಾದರೆ ರಾತ್ರಿಯೆಲ್ಲ ಸಾಲದು. ಆದಕಾರಣ ಎಲ್ಲರೂ ಸುತ್ತಲೂ ಕೂಡಬೇಕು. ಮಕ್ಕಳು ಸುತ್ತಿದವು ಸೊಟ್ಟಗಾಗುವುವು. ಎಣ್ಣೆಗೆ ಹಾಕಿದ ಮೇಲೆ ಸೊಟ್ಟವೂ ನೆಟ್ಟಗಿನವೂ ಒಂದೇ ರುಚಿಯಾಗುವುವು. ಆ ಸೊಟ್ಟ ಕಿಡ್ಯೊವೇ ನಾವು ಹೇಳುವ ಸಂಪ್ರದಾಯದ ಜೀವಾಳ.

ಗೋದಲಿಯನ್ನು ಕಟ್ಟುವುದೂ ಹಾಗೆಯೇ. ಇಟಲಿಯ ಗ್ರೆಚ್ಚೋ ಎಂಬ ಹಳ್ಳಿಯಲ್ಲಿ 1223ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸನು ಹುಲ್ಲು ತುಂಬಿದ ಗೋದಲಿಯನ್ನಿಟ್ಟು, ಜೀವಂತವಾದ ಎತ್ತನ್ನೂ ಕತ್ತೆಯನ್ನೂ ತರಿಸಿ, ಬೆತ್ಲೆಹೇಮಿನ ಆ ಬಡತನವನ್ನು ಹಳ್ಳಿಗರ ಕಣ್ಣಿಗೆ ಕಟ್ಟುವಂತೆ ತೋರಿಸಿದನು. ಗ್ರಂಥವನ್ನು ಓದಲರಿಯದವರಿಗೂ ಕಥೆಯು ತಲುಪಿತು. ಈಗ 800 ವರ್ಷಗಳು ಕಳೆದುಹೋಗಿವೆ. ಕರಾವಳಿಯ ಮನೆಗಳಲ್ಲಿ ಮಕ್ಕಳು ಇಂದಿಗೂ ಹುಲ್ಲನ್ನು ತಂದು, ಮಣ್ಣಿನ ಗೊಂಬೆಗಳನ್ನು ಜೋಡಿಸಿ, ಕೆಲವರು ಚಿಕ್ಕ ತಟ್ಟೆಗಳಲ್ಲಿ ಧಾನ್ಯವನ್ನು ಮೊಳೆಯಿಸಿ ಹೊಲವೆಂದಿಟ್ಟು, ಗೋದಲಿಯನ್ನು ಕಟ್ಟುವರು. ಮೊಳಕೆಯು ಹಬ್ಬದ ದಿನಕ್ಕೆ ಸರಿಯಾಗಿ ಹಸುರಾಗಬೇಕಾದರೆ ಮೊದಲೇ ದಿನವನ್ನೆಣಿಸಿ ಬಿತ್ತಬೇಕು, ನಿತ್ಯವೂ ನೀರು ಚಿಮುಕಿಸಬೇಕು. ಕಾಯುವುದನ್ನು ಕಲಿಸುವ ಪಾಠಶಾಲೆ ಇದಕ್ಕಿಂತ ಬೇರೆ ಬೇಕೆ?

ಇಂಗ್ಲಿಷರ ಮನೆಗಳಲ್ಲಿ ಕ್ರಿಸ್ಮಸ್ ಪುಡ್ಡಿಂಗನ್ನು ಮಾಡುವ ಕ್ರಮದಲ್ಲಿಯೂ ಈ ಜಾಣತನವುಂಟು. ಹಬ್ಬಕ್ಕೆ ಸುಮಾರು ಐದು ವಾರ ಮುಂಚಿನ ಒಂದು ಭಾನುವಾರಕ್ಕೆ ‘ಕಲಕುವ ಭಾನುವಾರ’ವೆಂಬ ಅರ್ಥದ ಹೆಸರೇ ಇದೆ. ಒಣದ್ರಾಕ್ಷಿ, ಸಂಬಾರ, ಹಿಟ್ಟುಗಳ ದಪ್ಪನೆಯ ಮಿಶ್ರಣವನ್ನು ಮನೆಯ ಪ್ರತಿಯೊಬ್ಬರೂ ಸರದಿಯಂತೆ ಒಂದೊಂದು ಸುತ್ತು ಕಲಕಿ, ಮನಸ್ಸಿನಲ್ಲಿ ಒಂದು ಕೋರಿಕೆಯನ್ನು ನೆನೆಯುವರು. ಕೆಲವರು ಒಂದು ಬೆಳ್ಳಿಯ ನಾಣ್ಯವನ್ನೂ ಒಳಗೆ ಅಡಗಿಸುವರು. ಅಡುಗೆಗೆ ಅಷ್ಟು ಕೈಗಳ ಅಗತ್ಯವಿಲ್ಲ. ಆದರೆ ಮನೆಗೆ ಉಂಟು. ಚಾರಲ್ಸ್ ಡಿಕನ್ಸನು 1843ರ ಡಿಸೆಂಬರಿನಲ್ಲಿ ಪ್ರಕಟಿಸಿದ ‘ಎ ಕ್ರಿಸ್ಮಸ್ ಕ್ಯಾರಲ್’ ಎಂಬ ಕಥೆಯನ್ನು ಓದಿದವರು, ವಾರಕ್ಕೆ ಹದಿನೈದು ಷಿಲ್ಲಿಂಗು ಸಂಬಳದ ಬಡ ಗುಮಾಸ್ತನಾದ ಕ್ರ್ಯಾಚಿಟ್ಟನ ಮನೆಯ ಊಟವನ್ನು ಮರೆಯಲಾರರು. ಅಲ್ಲಿ ತಾಯಿಯು ಸಾರನ್ನು ಕಾಯಿಸುವಳು, ಮಗನು ಆಲೂಗಡ್ಡೆಯನ್ನು ಹಿಸುಕುವನು, ಒಬ್ಬ ಮಗಳು ಸೇಬಿನ ಗೊಜ್ಜಿಗೆ ಸಿಹಿ ಬೆರಸುವಳು, ಮತ್ತೊಬ್ಬಳು ತಟ್ಟೆಗಳನ್ನು ಒರಸುವಳು, ಚಿಕ್ಕವರಿಬ್ಬರು ಕುರ್ಚಿಗಳನ್ನು ಹಾಕುವರು, ಕಾಲಿಲ್ಲದಂತಾದ ಕಿರಿಯವನನ್ನು ತಂದೆಯು ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳುವನು. ಕೆಲಸವಿಲ್ಲದ ಕೈಯೊಂದೂ ಆ ಮನೆಯಲ್ಲಿಲ್ಲ. ಊಟವು ಎಲ್ಲರಿಗೂ ಸಾಕಾದಷ್ಟೇ ಇದ್ದಿತು. ಸಂತೋಷವು ಅದನ್ನು ಮೀರಿ ಇದ್ದಿತು.

ನಾವು ಉಪಾಧ್ಯಾಯರಾಗಿದ್ದಾಗ ‘ನಮ್ಮ ಮನೆಯ ಹಬ್ಬ’ ಎಂಬ ವಿಷಯವನ್ನು ಪ್ರತಿವರ್ಷವೂ ಬಾಲಕರಿಗೆ ಪ್ರಬಂಧಕ್ಕೆ ಕೊಡುತ್ತಿದ್ದೆವು. ಹೊಸ ಬಟ್ಟೆಯನ್ನು ಕುರಿತು ಎಲ್ಲರೂ ಒಂದೊಂದು ವಾಕ್ಯವನ್ನು ಬರೆಯುವರು. ಅದು ಒಬ್ಬನ ಪುಸ್ತಕದಿಂದ ಮತ್ತೊಬ್ಬನು ಕಂಡು ಬರೆದಂತೆಯೇ ಇರುವುದು. ಆದರೆ ತೋರಣ ಕಟ್ಟಲು ಏಣಿ ಹಿಡಿದವನು, ಹಿಟ್ಟು ಜರಡಿಯಾಡಿದವನು, ನೆರೆಮನೆಗೆ ತಟ್ಟೆ ಹೊತ್ತುಕೊಂಡು ಹೋಗಿ ದಾರಿಯಲ್ಲಿ ಒಂದು ತುಂಡನ್ನು ಬಾಯಿಗೆ ಹಾಕಿಕೊಂಡವನು, ಇವರು ಬರೆಯತೊಡಗಿದರೆ ಪುಟಗಳು ಸಾಲುತ್ತಿರಲಿಲ್ಲ. ಬುದ್ಧಿ ಸಾಲದವನೆಂದು ತರಗತಿಯಲ್ಲಿ ಹೆಸರಾದ ಹುಡುಗನು ಕೂಡ ತಾನು ಮಾಡಿದ ಕೆಲಸವನ್ನು ಕುರಿತು ತಪ್ಪಿಲ್ಲದೆ ಬರೆದುದನ್ನು ಕಂಡಿದ್ದೇವೆ. ಹಬ್ಬದಲ್ಲಿ ಮಗುವು ಪಡೆದುದು ಬೇಗನೆ ಮರೆತುಹೋಗುವುದು, ಮಾಡಿದುದು ನಿಲ್ಲುವುದು.

ಇನ್ನು ಆಕ್ಷೇಪಣೆಗಳಿಗೆ ಬರೋಣ. ಈಗಿನ ಕಾಲದಲ್ಲಿ ತಂದೆತಾಯಿಗಳಿಬ್ಬರೂ ಉದ್ಯೋಗಕ್ಕೆ ಹೋಗುವರು. ಕುಸ್ವಾರ್ ಕೂಡ ಪೊಟ್ಟಣ ಕಟ್ಟಿ ಅಂಗಡಿಯಲ್ಲಿ ಮಾರುವರು. ಹಣ ಕೊಟ್ಟು ತಂದರಾಯಿತು, ಇಷ್ಟು ಶ್ರಮವೇಕೆ ಎಂದು ಕೇಳುವವರುಂಟು. ಕೊಂಡು ತರುವುದು ದೋಷವೆಂದು ನಾವು ಹೇಳುವುದಿಲ್ಲ. ವೃದ್ಧರಿಗೂ, ಒಂಟಿಯಾಗಿರುವವರಿಗೂ, ಕೆಲಸದ ಭಾರದಲ್ಲಿರುವವರಿಗೂ ಅದು ಉಪಕಾರವೇ. ಹತ್ತು ಬಗೆಯಲ್ಲಿ ಒಂಬತ್ತನ್ನು ಕೊಂಡು ತಂದರೂ ಚಿಂತೆಯಿಲ್ಲ. ಒಂದನ್ನಾದರೂ ಎಲ್ಲರೂ ಕೂಡಿ ಮನೆಯಲ್ಲಿ ಮಾಡಿದರೆ ಸಾಕು. ಆ ಒಂದೂ ಇಲ್ಲದಿದ್ದರೆ ಮಕ್ಕಳು ತಮ್ಮ ಮನೆಯ ಹಬ್ಬಕ್ಕೆ ತಾವೇ ನೆಂಟರಾಗುವರು.

ಎರಡನೆಯ ಆಕ್ಷೇಪಣೆಯು ಇದಕ್ಕಿಂತ ಗಂಭೀರವಾದುದು; ಅದನ್ನು ಹೆಣ್ಣುಮಕ್ಕಳು ಬಾಯಿ ಬಿಟ್ಟು ಹೇಳುವುದು ಅಪರೂಪ. ಯಾವ ಮತದ ಮನೆಯಾದರೂ ಸರಿ, ಹಬ್ಬವೆಂದರೆ ಗಂಡಸರಿಗೆ ವಿಶ್ರಾಂತಿ, ಹೆಂಗಸರಿಗೆ ಇಮ್ಮಡಿ ದುಡಿತ. ನಸುಕಿನಲ್ಲಿ ಒಲೆಯ ಮುಂದೆ ಕುಳಿತವಳು ನಡುರಾತ್ರಿಯ ಪೂಜೆಗೆ ಎಲ್ಲರನ್ನೂ ಸಿದ್ಧಪಡಿಸಿ, ಮರುದಿನ ಬಂದವರಿಗೆಲ್ಲ ಬಡಿಸಿ, ತಾನು ಉಣ್ಣುವ ವೇಳೆಗೆ ಆರಿದ ಅನ್ನವೇ ಗತಿ. ‘ನಮ್ಮ ಮನೆಯ ಸಂಪ್ರದಾಯ’ವೆಂದು ಮನೆಯವರೆಲ್ಲರೂ ಹೆಮ್ಮೆಪಡುವುದು ಒಬ್ಬಳ ಬೆನ್ನುನೋವಿನ ಮೇಲೆ ನಿಂತಿದ್ದರೆ, ಅದು ಮನೆಯ ಸಂಪ್ರದಾಯವಲ್ಲ, ಆಕೆಯ ಸಂಪ್ರದಾಯ. ಅದನ್ನು ಕಂಡು ಬೆಳೆದ ಮಗಳು, ತನ್ನ ಸಂಸಾರದಲ್ಲಿ ಅದನ್ನು ಬಿಟ್ಟುಬಿಟ್ಟರೆ ಆಕೆಯನ್ನು ಆಧುನಿಕಳೆಂದು ದೂರುವುದು ನ್ಯಾಯವಲ್ಲ. ಆಕೆಗೆ ಕೊಟ್ಟುದು ಹಬ್ಬವನ್ನಲ್ಲ, ದಣಿವನ್ನು. ಗಂಡುಮಕ್ಕಳ ಕೈಗೂ ಸೌಟನ್ನು ಕೊಡಿರಿ. ಮನೆಯ ಯಜಮಾನರು ಪಾತ್ರೆಯನ್ನು ತೊಳೆದರೆ ಯಾವ ಗೌರವಕ್ಕೂ ಕುಂದಿಲ್ಲ. ಕೈಗಳು ಹೆಚ್ಚಿದರೆ ಕೆಲಸವು ಹಗುರಾಗುವುದು ಮಾತ್ರವಲ್ಲ, ಮುಂದೆ ತೆಗೆದುಕೊಂಡು ಹೋಗುವವರೂ ಹೆಚ್ಚುವರು.

ಮೂರನೆಯದು ವೆಚ್ಚದ ಮಾತು. ನೆರೆಯವರ ಮನೆಯ ದೀಪಕ್ಕಿಂತ ನಮ್ಮದು ಒಂದು ಹೆಚ್ಚಾಗಿರಬೇಕೆಂದು ಸಾಲ ಮಾಡುವ ಗೃಹಸ್ಥರನ್ನು ಎಲ್ಲ ಮತಗಳಲ್ಲಿಯೂ ಕಾಣಬಹುದು. ಡಿಕನ್ಸನ ಕಥೆಯು ಹೊರಟ 1843ರಲ್ಲಿಯೇ ಲಂಡನ್ನಿನಲ್ಲಿ ಸರ್ ಹೆನ್ರಿ ಕೋಲ್ ಎಂಬವರು ಮಾರಾಟಕ್ಕಾಗಿ ಮೊದಲನೆಯ ಕ್ರಿಸ್ಮಸ್ ಕಾರ್ಡನ್ನು ಅಚ್ಚು ಹಾಕಿಸಿದರು. ಚಿತ್ರವನ್ನು ಬರೆದವರು ಜಾನ್ ಹಾರ್ಸ್ಲಿ ಎಂಬ ಕಲಾವಿದರು. ಅದರ ನಡುವೆ ಅಜ್ಜಅಜ್ಜಿಯರಿಂದ ಮೊಮ್ಮಕ್ಕಳವರೆಗೆ ಒಂದು ಕುಟುಂಬವು ಊಟಕ್ಕೆ ಕುಳಿತಿದೆ. ಇಕ್ಕೆಲಗಳಲ್ಲಿ ಎರಡು ಚಿತ್ರಗಳು: ಒಂದರಲ್ಲಿ ಹಸಿದವರಿಗೆ ಅನ್ನ, ಮತ್ತೊಂದರಲ್ಲಿ ಬಡವರಿಗೆ ಬಟ್ಟೆ. ಆಮೇಲೆ ಬಂದ ಕೋಟ್ಯಂತರ ಕಾರ್ಡುಗಳು ನಡುವಣ ಊಟವನ್ನು ಇಟ್ಟುಕೊಂಡು ಇಕ್ಕೆಲದ ಚಿತ್ರಗಳನ್ನು ಬಹುಮಟ್ಟಿಗೆ ಬಿಟ್ಟವು. ಹಬ್ಬದ ವೆಚ್ಚವು ಎಲ್ಲಿ ಹೆಚ್ಚಬೇಕು, ಎಲ್ಲಿ ಕುಗ್ಗಬೇಕೆಂಬುದನ್ನು ಆ ಮೊದಲ ಕಾರ್ಡು ಸ್ಪಷ್ಟವಾಗಿ ತೋರಿಸಿದ್ದಿತು. ನಮ್ಮ ಕರಾವಳಿಯಲ್ಲಿ ಕುಸ್ವಾರಿನ ತಟ್ಟೆಯು ಹಿಂದೂ ಮುಸಲ್ಮಾನ ನೆರೆಯವರ ಮನೆಗಳಿಗೆ ಹೋಗುವುದು, ಚೌತಿ ದೀಪಾವಳಿಗಳಿಗೂ ಈದಿಗೂ ಆ ಮನೆಗಳಿಂದ ತಟ್ಟೆಯು ಮರಳುವುದು, ಇಕ್ಕೆಲದ ಆ ಚಿತ್ರಗಳನ್ನು ಬಿಡದಿರುವ ಒಂದು ಬಗೆಯೇ. ತಟ್ಟೆಯನ್ನು ಹೊರುವ ಕೆಲಸವನ್ನು ಮಕ್ಕಳಿಗೇ ವಹಿಸಬೇಕು. ನೆರೆಮನೆಯ ಹೊಸ್ತಿಲನ್ನು ಹತ್ತು ವರ್ಷ ತಟ್ಟೆಯೊಡನೆ ದಾಟಿದವನು ಅದನ್ನು ಕೋಲಿನೊಡನೆ ದಾಟುವುದು ಕಷ್ಟ.

ಮೇಲೆ ಲ್ಯಾಟಿನ್ ಶಬ್ದವನ್ನು ಹೇಳಿದೆವಷ್ಟೆ. ಅದರಲ್ಲಿ ಇನ್ನೊಂದು ಎಚ್ಚರಿಕೆಯೂ ಅಡಗಿದೆ. ‘ಟ್ರೆಡಿಷನ್’ ಹುಟ್ಟಿದ ಶಬ್ದದಿಂದಲೇ ಇಂಗ್ಲಿಷಿನ ‘ಟ್ರೀಸನ್’, ಎಂದರೆ ದ್ರೋಹವೆಂಬ ಮಾತೂ ಹುಟ್ಟಿತು. ಮಗನಿಗೆ ಒಪ್ಪಿಸಿದರೆ ಸಂಪ್ರದಾಯ, ಹಗೆಗೆ ಒಪ್ಪಿಸಿದರೆ ದ್ರೋಹ, ಎರಡೂ ಕೊಡುವುದೇ. ಹಬ್ಬದ ದಿನ ನಾವು ಮಕ್ಕಳಿಗೆ ಏನನ್ನೋ ಒಂದನ್ನು ಕೊಟ್ಟೇ ಕೊಡುವೆವು. ಅಣ್ಣತಮ್ಮಂದಿರ ಹಳೆಯ ಜಗಳವನ್ನು ಊಟದ ಪಂಕ್ತಿಯಲ್ಲಿ ಕೆದಕಿದರೆ ಆ ಜಗಳವನ್ನು ಕೊಡುವೆವು. ಸಾಲವನ್ನು ಕೊಡಬಹುದು, ಪಂತವನ್ನೂ ಕೊಡಬಹುದು. ಅದನ್ನೂ ಅವರು ಅಷ್ಟೇ ಶ್ರದ್ಧೆಯಿಂದ ಮುಂದಿನವರಿಗೆ ತಲುಪಿಸುವರು. ಏನು ಕೊಡಬೇಕೆಂಬುದನ್ನು ಹಬ್ಬಕ್ಕೆ ಮೊದಲೇ ಹಿರಿಯರು ಗಟ್ಟಿಮಾಡಿಕೊಳ್ಳುವುದು ಮೇಲು.

ಒಳ್ಳೆಯದನ್ನು ಕೊಟ್ಟರೆ ಅದು ಎಷ್ಟು ದೂರ ಹೋಗುವುದೆಂಬುದಕ್ಕೆ ಒಂದು ಸಂಗತಿಯನ್ನು ಹೇಳಬೇಕು. 1818ರ ಡಿಸೆಂಬರು 24ರ ರಾತ್ರಿ, ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಎಂಬ ಊರಿನ ದೇವಾಲಯದಲ್ಲಿ ಒಂದು ಹೊಸ ಹಾಡನ್ನು ಗಿಟಾರಿನೊಡನೆ ಹಾಡಿದರು. ಪದಗಳು ಯೋಜೆಫ್ ಮೋರ್ ಎಂಬ ಪಾದ್ರಿಯವು. ರಾಗವನ್ನು ಕೂಡಿಸಿದವನು ಫ್ರಾಂಟ್ಸ್ ಕ್ಸಾವರ್ ಗ್ರೂಬರ್ ಎಂಬ ಹಳ್ಳಿಯ ಉಪಾಧ್ಯಾಯ. ‘ಷ್ಟಿಲ್ಲೆ ನಾಖ್ಟ್’ ಎಂಬ ಆ ಹಾಡು ಊರಿಂದೂರಿಗೆ, ಮನೆಯಿಂದ ಮನೆಗೆ ಹಬ್ಬಿತು. 1914ರ ಡಿಸೆಂಬರಿನಲ್ಲಿ ಬೆಲ್ಜಿಯಂ, ಫ್ರಾನ್ಸ್‌ಗಳ ಯುದ್ಧಭೂಮಿಯಲ್ಲಿ ಜರ್ಮನರೂ ಇಂಗ್ಲಿಷರೂ ಎದುರೆದುರಾಗಿ ಕಂದಕಗಳಲ್ಲಿದ್ದರು. 24ರ ರಾತ್ರಿ ಜರ್ಮನ್ ಸಿಪಾಯಿಗಳು ತಮ್ಮ ಮನೆಗಳಲ್ಲಿ ಮಾಡುತ್ತಿದ್ದಂತೆ ಪುಟ್ಟ ಮರಗಳಿಗೆ ಮೇಣದ ಬತ್ತಿಗಳನ್ನು ಹಚ್ಚಿ ಕಂದಕದ ಅಂಚಿನಲ್ಲಿಟ್ಟು ಹಾಡತೊಡಗಿದರು. ಎದುರು ಪಕ್ಷದವರು ತಮ್ಮ ಹಾಡುಗಳಿಂದ ಉತ್ತರ ಕೊಟ್ಟರು. ಬೆಳಗಾದ ಮೇಲೆ ಎಷ್ಟೋ ಕಡೆ ಎರಡೂ ಪಕ್ಷದವರು ಹೊರಗೆ ಬಂದು ಕೈಕುಲುಕಿ, ಹೊಗೆಸೊಪ್ಪನ್ನು ಹಂಚಿಕೊಂಡು, ಸತ್ತವರನ್ನು ಹೂಳಿದರು. ಎಲ್ಲ ಕಡೆಯೂ ಹಾಗಾಗಲಿಲ್ಲ, ಯುದ್ಧವೂ ನಿಲ್ಲಲಿಲ್ಲ, ಮುಂದಿನ ವರ್ಷಗಳಲ್ಲಿ ಸೇನಾಧಿಕಾರಿಗಳು ಅದಕ್ಕೆ ಅವಕಾಶ ಕೊಡಲಿಲ್ಲ. ಆದರೂ ಒಂದು ದಿನ ಬಂದೂಕನ್ನು ಕೆಳಗಿಡಿಸಿದುದು ಯಾವ ರಾಜನ ಅಪ್ಪಣೆಯೂ ಅಲ್ಲ. ತಾಯಂದಿರು ಕಲಿಸಿದ ಒಂದು ಹಾಡು, ಮನೆಯಲ್ಲಿ ಹಚ್ಚಿದ್ದ ಒಂದು ದೀಪ.

ಈಗ ನಮ್ಮ ಮನೆಗಳ ಮಕ್ಕಳೂ ದೂರದಲ್ಲಿದ್ದಾರೆ. ಮುಂಬಯಿ, ಕೊಲ್ಲಿಯ ದೇಶಗಳು, ಕೆನಡಾ, ಆಸ್ಟ್ರೇಲಿಯಾ ಎಂದು ಒಂದೊಂದು ಮನೆಯೂ ಚೆದುರಿಹೋಗಿದೆ. ಹಬ್ಬದ ದಿನ ದೂರವಾಣಿಯಲ್ಲಿ ಮುಖವನ್ನು ನೋಡಿ ಮಾತನಾಡುವ ಅನುಕೂಲವು ಬಂದಿರುವುದು ಭಾಗ್ಯವೇ ಆಗಿದೆ. ಆದರೆ ಬರಿಯ ಕುಶಲಪ್ರಶ್ನೆಯು ಎರಡು ನಿಮಿಷದಲ್ಲಿ ಮುಗಿದುಹೋಗುವುದು. ಅಲ್ಲಿಯೂ ಇಲ್ಲಿಯೂ ಒಂದೇ ಹೊತ್ತಿನಲ್ಲಿ ಒಂದೇ ತಿಂಡಿಯನ್ನು ಮಾಡುತ್ತ ಮಾತನಾಡಿದರೆ ಹೇಗಿರುವುದೆಂದು ನೋಡಿರಿ. ‘ಅಮ್ಮಾ, ಪಾಕ ಗಟ್ಟಿಯಾಯಿತು, ಏನು ಮಾಡಲಿ?’ ಎಂದು ಮಗನು ಕೇಳಿದರೆ ತಾಯಿಗೆ ಅದಕ್ಕಿಂತ ಹಬ್ಬದ ಉಡುಗೊರೆ ಬೇಕಿಲ್ಲ.

ನಮ್ಮ ಮನೆಯಲ್ಲಿ ಅಂಥ ಹಳೆಯ ಪದ್ಧತಿಯೇ ಇಲ್ಲವಲ್ಲಾ ಎಂದು ಯಾರೂ ಸಂಕೋಚಪಡಬೇಕಾಗಿಲ್ಲ. ಕ್ರಿಸ್ಮಸ್ ಮರವು ಇಂಗ್ಲೆಂಡಿಗೆ ಅನಾದಿಯಿಂದ ಬಂದುದಲ್ಲ. ಜರ್ಮನಿಯಿಂದ ಬಂದ ರಾಣಿ ಷಾರ್ಲಟ್ಟಳು 1800ರಲ್ಲಿ ವಿಂಡ್ಸರಿನಲ್ಲಿ ಮಕ್ಕಳಿಗಾಗಿ ಒಂದು ಮರವನ್ನು ಸಿಂಗರಿಸಿದಳು; ವಿಕ್ಟೋರಿಯಾ ರಾಣಿಯೂ ಆಲ್ಬರ್ಟ್ ರಾಜಕುಮಾರನೂ ಮಕ್ಕಳೊಡನೆ ಮರದ ಸುತ್ತ ನಿಂತ ಚಿತ್ರವು 1848ರಲ್ಲಿ ಒಂದು ಸಚಿತ್ರ ಪತ್ರಿಕೆಯಲ್ಲಿ ಬಂದ ಮೇಲೆ ಜನಸಾಮಾನ್ಯರ ಮನೆಗಳಿಗೂ ಅದು ಬೇಗಬೇಗನೆ ಹರಡಿತು. ಪ್ರತಿಯೊಂದು ಸಂಪ್ರದಾಯಕ್ಕೂ ಒಂದು ಮೊದಲನೆಯ ವರ್ಷವುಂಟು. ಅದು ಈ ವರ್ಷವೇ ಆಗಬಾರದೇಕೆ?

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ಹಬ್ಬಕ್ಕೆ ಮಾಡಬೇಕಾದುದನ್ನು ಹತ್ತಾಗಿ ಬೆಳೆಸದೆ, ಎರಡು ಮೂರು ಕೆಲಸಗಳನ್ನು ಆರಿಸಿಕೊಳ್ಳಿರಿ. ಬಡತನ ಬಂದರೂ ನಿಲ್ಲದಂಥವುಗಳನ್ನೇ ಆರಿಸಿಕೊಳ್ಳಿರಿ. ಅವುಗಳಲ್ಲಿ ಮನೆಯ ಪ್ರತಿಯೊಂದು ಕೈಗೂ ಪಾಲಿರಲಿ. ಎಲ್ಲಕ್ಕಿಂತ ಮುಖ್ಯವಾದುದು ಎಲ್ಲರಿಗಿಂತ ಚಿಕ್ಕವರ ಪಾಲಿಗೆ ಬರಲಿ. ಅಜ್ಜಿಯ ಕೈಯಳತೆಯನ್ನು ಆಕೆ ಇರುವಾಗಲೇ ಪಕ್ಕದಲ್ಲಿ ಕುಳಿತು ಕಲಿಯಿರಿ. ‘ಹಿಟ್ಟು ಸಾಕಾದಷ್ಟು’ ಎಂದು ಆಕೆ ಹೇಳಿದರೆ ಎಷ್ಟೆಂಬುದು ಕಾಗದಕ್ಕೆ ತಿಳಿಯದು, ಕೈಗೆ ತಿಳಿಯುವುದು. ಒಂದು ಪಾಲು ಮನೆಯ ಹೊರಗೆ ಹೋಗಲಿ. ಬಾರದವರ ಹೆಸರನ್ನು ಊಟಕ್ಕೆ ಮೊದಲು ಒಮ್ಮೆ ಹೇಳಿರಿ. ಮಕ್ಕಳು ಮಾಡಿದುದು ಸೊಟ್ಟಗಾದರೆ ತಿದ್ದಲು ಹೋಗಬೇಡಿರಿ; ಬಡಿಸುವಾಗ ಅದನ್ನೇ ಮೊದಲು ಬಡಿಸಿರಿ.